ಸ್ಪರ್ಮಿಡಿನ್ ಹಾಕಿದಾಗ ಯೀಸ್ಟ್ ಕೈಕಟ್ಟಿ ಕೂರುವುದೇಕೆ? ಒಂದು ಪ್ರಕರಣ ಅಧ್ಯಯನ

ಸನ್ನಿವೇಶ

ಬ್ರೆಡ್ಡಿಗೆ ಬಳಸುವ ಯೀಸ್ಟ್, ಅಂದರೆ ಸ್ಯಾಕರೋಮೈಸಿಸ್ ಸೆರೆವಿಸಿಯೆ, ಗ್ಲೂಕೋಸ್, ಅಮೋನಿಯಂ ಲವಣ, ವಿಟಮಿನ್ ಮತ್ತು ಒಂದೆರಡು ಅಮೈನೋ ಆಮ್ಲ ಮಾತ್ರ ಇರುವ ದ್ರವದಲ್ಲಿ ಬೆಳೆಯುತ್ತಿದೆ. ತನಗೆ ಬೇಕಾದ ಪಾಲಿಅಮೈನುಗಳನ್ನು, ಅಂದರೆ ಪುಟ್ರೆಸಿನ್, ಸ್ಪರ್ಮಿಡಿನ್, ಸ್ಪರ್ಮಿನ್ ಎಂಬ ಧನವಿದ್ಯುತ್ತಿನ ಚಿಕ್ಕ ಅಣುಗಳನ್ನು, ತಾನೇ ತಯಾರಿಸಿಕೊಳ್ಳುತ್ತಿದೆ. ಆ ದ್ರವಕ್ಕೆ ಹೊರಗಿನಿಂದ ಸ್ಪರ್ಮಿಡಿನ್ ಹಾಕಿದರೆ ತಯಾರಿಕೆಯ ಮೊದಲ ಕಿಣ್ವವಾದ ಆರ್ನಿಥಿನ್ ಡೀಕಾರ್ಬಾಕ್ಸಿಲೇಸಿನ ಚಟುವಟಿಕೆ ಬೇಗನೆ ಕುಸಿಯುತ್ತದೆ. ಜೀನಿನ ನಿಯಂತ್ರಣ ಎಂದೊಡನೆ ನಮ್ಮ ಕಣ್ಣು ಮೊದಲು ಹೋಗುವುದು ಪ್ರೊಮೋಟರಿನ, ಅಂದರೆ ಜೀನಿನ ನಕಲು ಶುರುಮಾಡಿಸುವ ಭಾಗದ ಕಡೆಗೆ. ಇಲ್ಲಿ ಅಲ್ಲಿ ಹುಡುಕಿದರೆ ಉತ್ತರ ಸಿಗುವುದಿಲ್ಲ. ಕಿಣ್ವದ ಎಂಆರ್‌ಎನ್‌ಎ (ಪ್ರೋಟೀನ್ ಮಾಡಲು ಜೀನಿನಿಂದ ತೆಗೆದ ನಕಲು) ಪ್ರಮಾಣ ಆ ಕುಸಿತವನ್ನು ವಿವರಿಸುವುದಿಲ್ಲ. ಕಡಿವಾಣ ಇರುವುದು ಬೇರೊಂದು ಜೀನಿನಲ್ಲಿ, ಅದರ ನಡುವೆ ಕೂತಿರುವ ಒಂದು ನಿಲುಗಡೆ ಕೋಡಾನಿನಲ್ಲಿ, ಅಂದರೆ ಪ್ರೋಟೀನ್ ಇಲ್ಲಿಗೆ ಮುಗಿಯಿತು ಎನ್ನುವ ಮೂರಕ್ಷರದ ಗುರುತಿನಲ್ಲಿ. ಅದನ್ನು ಕಂಡುಕೊಂಡದ್ದು ಹೇಗೆ, ಬೆಂಚಿನ ಮೇಲೆ ಮತ್ತೆ ತೋರಿಸುವುದು ಹೇಗೆ, ತೋರಿಸಲು ಹೊರಟವರು ಎಡವುವುದೆಲ್ಲಿ ಎಂಬುದೇ ಈ ಪ್ರಕರಣ.

ದಾರಿ ಮತ್ತು ಅದರ ಜೀನುಗಳು

ದಾರಿ ಚಿಕ್ಕದು. ಎಸ್‌ಪಿಇ1 ಜೀನಿನ ಕಿಣ್ವ ಆರ್ನಿಥಿನ್‌ನಿಂದ ಇಂಗಾಲದ ಡೈಆಕ್ಸೈಡ್ ಕಳಚಿ ಪುಟ್ರೆಸಿನ್ ಮಾಡುತ್ತದೆ. ಎಸ್‌ಪಿಇ2ರ ಕಿಣ್ವ ಎಸ್-ಅಡಿನೋಸಿಲ್ ಮೆಥಿಯೋನಿನ್‌ನಿಂದ ಇಂಗಾಲದ ಡೈಆಕ್ಸೈಡ್ ತೆಗೆದು ಅಮೈನೋಪ್ರೊಪೈಲ್ ಗುಂಪು ಕೊಡಬಲ್ಲ ಅಣುವನ್ನು ಒದಗಿಸುತ್ತದೆ. ಆ ಗುಂಪನ್ನು ಪುಟ್ರೆಸಿನ್‌ಗೆ ಜೋಡಿಸಿ ಸ್ಪರ್ಮಿಡಿನ್ ಮಾಡುವುದು ಎಸ್‌ಪಿಇ3. ಸ್ಪರ್ಮಿಡಿನ್‌ಗೆ ಇನ್ನೊಂದು ಗುಂಪು ಜೋಡಿಸಿ ಸ್ಪರ್ಮಿನ್ ಮಾಡುವುದು ಎಸ್‌ಪಿಇ4. ವಾಪಸು ದಾರಿಯೂ ಒಂದಿದೆ: ಎಫ್‌ಎಂಎಸ್1ರ ಆಕ್ಸಿಡೇಸ್ ಸ್ಪರ್ಮಿನ್ ಅನ್ನು ಒಡೆದು ಸ್ಪರ್ಮಿಡಿನ್ ಮಾಡುತ್ತದೆ. ಜೊತೆಗೆ ಬೀಳುವ 3-ಅಮೈನೋಪ್ರೊಪನಾಲ್ ಮುಂದೆ ಬೀಟಾ-ಅಲನಿನ್ ಆಗಿ ಪ್ಯಾಂಟೋಥೆನಿಕ್ ಆಮ್ಲದ ತಯಾರಿಕೆಗೆ ಸೇರುತ್ತದೆ. ಇದನ್ನು ನೆನಪಿಡಿ, ಮುಂದೆ ಒಂದು ಗುಂಡಿ ಇದೇ ಜಾಗದಲ್ಲಿದೆ.

ಈ ಜೀನುಗಳ ಮ್ಯುಟೆಂಟ್‌ಗಳನ್ನು 1970ರ ದಶಕದ ಕೊನೆಯಲ್ಲಿ ಬೇರ್ಪಡಿಸಿದವರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಹರ್ಬರ್ಟ್ ಟೇಬರ್ ಮತ್ತು ಸೀಲಿಯಾ ವೈಟ್ ಟೇಬರ್ ದಂಪತಿಯ ಗುಂಪು ಮುಖ್ಯ. ಆ ಮ್ಯುಟೆಂಟ್‌ಗಳು ಕೊಟ್ಟ ಸುಳಿವುಗಳಲ್ಲಿ ಒಂದು ಇಲ್ಲಿಗೆ ನೇರ ಸಂಬಂಧಿಸಿದ್ದು. ಎಸ್‌ಪಿಇ2 ಇಲ್ಲದ ಕೋಶಕ್ಕೆ ಸ್ಪರ್ಮಿಡಿನ್ ಕೊಡದೆ ಬೆಳೆಸಿದರೆ ಪುಟ್ರೆಸಿನ್ ರಾಶಿ ಬೀಳುತ್ತದೆ. ಮುಂದಿನ ಹೆಜ್ಜೆ ಮುಚ್ಚಿರುವುದು ಒಂದು ಕಾರಣ. ಆದರೆ ಪುಟ್ರೆಸಿನ್ನೇ ತಡೆಯ ಸಂಕೇತವಾಗಿದ್ದರೆ ಆ ರಾಶಿ ಬೀಳುವ ಮೊದಲೇ ಮೊದಲ ಕಿಣ್ವ ನಿಲ್ಲಬೇಕಿತ್ತು. ನಿಲ್ಲುವುದಿಲ್ಲ. ಹಾಗಾದರೆ ಕೋಶ ಮುಖ್ಯವಾಗಿ ಅಳೆಯುತ್ತಿರುವುದು ಸ್ಪರ್ಮಿಡಿನ್ ಮತ್ತು ಸ್ಪರ್ಮಿನ್‌ಗಳನ್ನು. ತೂಬಿನವನು ಕೆರೆಯ ನೀರನ್ನು ನೋಡುತ್ತಿಲ್ಲ, ಕೊನೆಯ ಗದ್ದೆಯ ನೀರನ್ನು ನೋಡಿ ತೂಬು ಹಾಕುತ್ತಿದ್ದಾನೆ.

ಕಾಣೆಯಾಗಿದ್ದ ಜೀನು

ಪ್ರಾಣಿಕೋಶಗಳಲ್ಲಿ ಇದರ ಉತ್ತರ ಮೊದಲೇ ಸಿಕ್ಕಿತ್ತು. ಪಾಲಿಅಮೈನ್ ಕೊಟ್ಟಾಗ ಹುಟ್ಟಿಕೊಂಡು ಆರ್ನಿಥಿನ್ ಡೀಕಾರ್ಬಾಕ್ಸಿಲೇಸನ್ನು ಹಿಡಿದು ನಿಲ್ಲಿಸುವ ಒಂದು ಪ್ರೋಟೀನನ್ನು 1976ರಲ್ಲಿ ವರದಿ ಮಾಡಿ ಆಂಟಿಜೈಮ್ ಎಂದು ಕರೆದರು. ಈ ಕಿಣ್ವ ಕೆಲಸ ಮಾಡುವುದು ಎರಡು ಅಣುಗಳ ಜೋಡಿಯಾಗಿ. ಆಂಟಿಜೈಮ್ ಅಂಟಿಕೊಂಡಾಗ ಜೋಡಿ ಒಡೆಯುತ್ತದೆ, ಒಂಟಿ ಅಣು ಪ್ರೋಟೀನು ಕತ್ತರಿಸುವ ಯಂತ್ರವಾದ ಪ್ರೋಟಿಯಾಸೋಮಿಗೆ ಹೋಗಿ ಚೂರಾಗುತ್ತದೆ. ಸಾಮಾನ್ಯವಾಗಿ ಪ್ರೋಟಿಯಾಸೋಮಿಗೆ ಹೋಗಲು ಯುಬಿಕ್ವಿಟಿನ್ ಎಂಬ ಚಿಕ್ಕ ಪ್ರೋಟೀನಿನ ಚೀಟಿ ಬೇಕು. ಈ ಕಿಣ್ವಕ್ಕೆ ಬೇಡ. 

ಆಂಟಿಜೈಮಿನ ಎಂಆರ್‌ಎನ್‌ಎ ಇನ್ನೂ ವಿಚಿತ್ರ. ಅದರ ಆರಂಭದಿಂದ ಸ್ವಲ್ಪವೇ ದೂರದಲ್ಲಿ ಯುಜಿಎ ಎಂಬ ನಿಲುಗಡೆ ಕೋಡಾನ್ ಇದೆ. ಪ್ರೋಟೀನ್ ಹೆಣೆಯುವ ರೈಬೋಸೋಮ್ ಅಲ್ಲಿ ನಿಂತರೆ ಕೆಲಸಕ್ಕೆ ಬಾರದ ಒಂದು ತುಂಡು ಹುಟ್ಟುತ್ತದೆ. ಪೂರ್ತಿ ಆಂಟಿಜೈಮ್ ಬರಬೇಕಾದರೆ ರೈಬೋಸೋಮ್ ಒಂದು ಅಕ್ಷರ ಮುಂದೆ ಜಿಗಿದು ಹೊಸ ಓದುಚೌಕಟ್ಟಿನಲ್ಲಿ, ಅಂದರೆ ಮೂರು ಮೂರು ಅಕ್ಷರಗಳನ್ನು ಬೇರೆ ಜಾಗದಿಂದ ಗುಂಪು ಮಾಡಿ ಓದುತ್ತಾ, ಸಾಗಬೇಕು. ಸಸ್ತನಿಗಳಲ್ಲಿ ಆ ಜಾಗದ ಸಾಲು ಯುಸಿಸಿ-ಯುಜಿಎ-ಯು. ಯುಜಿಎಯ ಮೊದಲ ಯು ಬಿಟ್ಟುಹೋದರೆ ಮುಂದಿನ ಕೋಡಾನ್ ಜಿಎಯು, ಅಂದರೆ ಆಸ್ಪಾರ್ಟಿಕ್ ಆಮ್ಲ.

ಯೀಸ್ಟ್ ಜೀನೋಮ್ 1996ರಲ್ಲಿ ಪೂರ್ತಿ ಪ್ರಕಟವಾಯಿತು. ಆದರೂ ಅದರ ಆಂಟಿಜೈಮನ್ನು ಗುರುತಿಸಲು 2004 ಬರಬೇಕಾಯಿತು. ಕಾರಣ ಸರಳ: ಜೀನು ಹುಡುಕುವ ವಿಧಾನಗಳು ನಿಲುಗಡೆ ಕೋಡಾನ್ ಕಂಡಲ್ಲಿ ಜೀನು ಮುಗಿಯಿತು ಎಂದುಕೊಳ್ಳುತ್ತವೆ. ಎರಡು ತುಂಡಾಗಿ, ಎರಡು ಚೌಕಟ್ಟಿನಲ್ಲಿ ಬಿದ್ದಿರುವ ಜೀನು ಅವುಗಳಿಗೆ ಒಂದೇ ಜೀನಾಗಿ ಕಾಣುವುದಿಲ್ಲ. ಜರ್ಮನಿಯ ಕಲೋನ್‌ನಲ್ಲಿ ಯುರ್ಗನ್ ಡೋಮನ್ ಅವರ ಗುಂಪು, ಪಳನಿಮುರುಗನ್ ಮೊದಲ ಲೇಖಕರಾಗಿದ್ದ ಪ್ರಬಂಧದಲ್ಲಿ, ಆ ಎರಡು ತುಂಡುಗಳನ್ನು ಕೂಡಿಸಿ ಓಎಝಡ್1 ಎಂದು ಹೆಸರಿಟ್ಟಿತು. ಯೀಸ್ಟಿನ ಜಿಗಿತದ ಜಾಗ ಸಸ್ತನಿಯದಕ್ಕಿಂತ ಬೇರೆ: ಜಿಸಿಜಿ-ಯುಜಿಎ-ಸಿ. ಆದರೂ ಯು ಹಾರಿದ ಮೇಲೆ ಸಿಗುವುದು ಜಿಎಸಿ, ಮತ್ತೆ ಅದೇ ಆಸ್ಪಾರ್ಟಿಕ್ ಆಮ್ಲ. ಸಸ್ತನಿಗಳಲ್ಲಿ ಹಲವು ಆಂಟಿಜೈಮ್ ಜೀನುಗಳಿವೆ, ಯೀಸ್ಟಿನಲ್ಲಿ ಒಂದೇ. ಜೆನೆಟಿಕ್ಸ್ ಮಾಡುವವರಿಗೆ ಇದು ದೊಡ್ಡ ಅನುಕೂಲ. ಒಂದನ್ನು ಅಳಿಸಿದರೆ ಆಯಿತು, ಬದಲಿ ಇಲ್ಲ.

ತಡೆಯ ಮೂರು ಹಂತ

ಸ್ಪರ್ಮಿಡಿನ್ ಒಳಗೆ ಹೆಚ್ಚಾದಾಗ ಆಗುವುದು ಒಂದೇ ಕೆಲಸವಲ್ಲ.

ಮೊದಲನೆಯದು, ಆಂಟಿಜೈಮಿನ ಅನುವಾದ (ರೈಬೋಸೋಮ್ ಸಂದೇಶ ಓದಿ ಪ್ರೋಟೀನ್ ಹೆಣೆಯುವುದು) ಪೂರ್ತಿಯಾಗುವ ಪ್ರಮಾಣ ಏರುತ್ತದೆ. ಪಾಲಿಅಮೈನ್ ನೇರವಾಗಿ ರೈಬೋಸೋಮಿನ ಮೇಲೋ ಎಂಆರ್‌ಎನ್‌ಎ ಮೇಲೋ ಕೂತು ಜಿಗಿತಕ್ಕೆ ತಳ್ಳುತ್ತದೆ ಎಂಬ ಊಹೆ ಬಹುಕಾಲ ಇತ್ತು. 2011ರಲ್ಲಿ ಅದೇ ಕಲೋನ್ ಗುಂಪು ಬೇರೆಯದನ್ನೇ ತೋರಿಸಿತು. ರೈಬೋಸೋಮಿನಿಂದ ಹೊರಬರುತ್ತಿರುವ ಆಂಟಿಜೈಮಿನ ಎಳೆಯೇ ಅಳತೆಗೋಲು. ಪಾಲಿಅಮೈನ್ ಕಡಿಮೆಯಿದ್ದರೆ ಆ ಎಳೆ ತನ್ನ ತಯಾರಿಕೆಯನ್ನೇ ತಡೆಯುತ್ತದೆ, ಹಿಂದೆ ರೈಬೋಸೋಮುಗಳು ಸಾಲುಗಟ್ಟುತ್ತವೆ. ಪಾಲಿಅಮೈನ್ ಬಂದು ಎಳೆಗೆ ಅಂಟಿಕೊಂಡರೆ ತಡೆ ಸಡಿಲಾಗಿ ಅನುವಾದ ಮುಗಿಯುತ್ತದೆ. ಇನ್ನೂ ಹುಟ್ಟಿ ಮುಗಿಯದ ಪ್ರೋಟೀನು ತಾನು ಹುಟ್ಟಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸುವ ಏರ್ಪಾಡಿದು. ಈ ಇಡೀ ಕತೆಯಲ್ಲಿ ನಮಗೆ ಅತಿ ಚೆಂದ ಎನ್ನಿಸುವ ಭಾಗವೂ ಇದೇ.

ಎರಡನೆಯದು, ಹುಟ್ಟಿದ ಆಂಟಿಜೈಮಿನ ಆಯಸ್ಸು. ಯೀಸ್ಟಿನಲ್ಲಿ ಅದನ್ನು ಯುಬಿಕ್ವಿಟಿನ್ ಅಂಟಿಸಿ ಪ್ರೋಟಿಯಾಸೋಮ್ ಮುಗಿಸುತ್ತದೆ. ಪಾಲಿಅಮೈನ್ ಹೆಚ್ಚಿದ್ದಾಗ ಈ ವಿಲೇವಾರಿ ನಿಧಾನವಾಗುತ್ತದೆ. ಹೆಚ್ಚು ಹುಟ್ಟುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ. ಮೂರನೆಯದು ಎಲ್ಲರಿಗೂ ಗೊತ್ತಿರುವ ಕೊನೆಯ ಹೊಡೆತ: ಡೀಕಾರ್ಬಾಕ್ಸಿಲೇಸಿನ ಜೋಡಿ ಒಡೆದು ಅದರ ನಾಶ. ಒಂದು ವ್ಯತ್ಯಾಸ ಮಾತ್ರ ಹೇಳಲೇಬೇಕು. ಇಲಿಯ ಕಿಣ್ವದಲ್ಲಿ ನಾಶದ ಗುರುತು ಬಾಲದ ತುದಿಯ 37 ಅಮೈನೋ ಆಮ್ಲಗಳಲ್ಲಿದೆ. ಯೀಸ್ಟಿನ ಕಿಣ್ವದಲ್ಲಿ ಅದು ತಲೆಯ ಕಡೆ, ಅಂದರೆ ಎನ್-ತುದಿಯ ಮಡಿಕೆಯಿಲ್ಲದ ಭಾಗದಲ್ಲಿದೆ.

ಬೆಂಚಿನ ಮೇಲೆ

ತಳಿ ನಾಲ್ಕು ಬೇಕು: ಕಾಡು ಮಾದರಿ, ಅಂದರೆ ಈ ಜೀನುಗಳು ಬದಲಾಗದ ತಳಿ (ಬಿವೈ4741 ಸಾಕು), ಎಸ್‌ಪಿಇ1 ಅಳಿಸಿದ್ದು, ಓಎಝಡ್1 ಅಳಿಸಿದ್ದು, ಮತ್ತು ಓಎಝಡ್1ರಲ್ಲಿ ಯುಜಿಎಯ ಯುಗೆ ಸಮನಾದ ಒಂದೇ ಟಿ ಅಕ್ಷರ ತೆಗೆದು ಎರಡೂ ತುಂಡುಗಳನ್ನು ಒಂದೇ ಚೌಕಟ್ಟಿಗೆ ತಂದದ್ದು. ಕೊನೆಯದರಲ್ಲಿ ಆಂಟಿಜೈಮಿಗೆ ಜಿಗಿತದ ಹಂಗಿಲ್ಲ.

ಬೆಳೆಸುವ ದ್ರವಕ್ಕೆ ಅಮೋನಿಯಂ ಸಲ್ಫೇಟ್ ಇರುವ, ಅಮೈನೋ ಆಮ್ಲ ಇಲ್ಲದ ಯೀಸ್ಟ್ ನೈಟ್ರೋಜನ್ ಬೇಸ್ ಲೀಟರಿಗೆ 6.7 ಗ್ರಾಂ, ಗ್ಲೂಕೋಸ್ 20 ಗ್ರಾಂ, ಹಿಸ್ಟಿಡಿನ್, ಮೆಥಿಯೋನಿನ್, ಯುರಾಸಿಲ್ ತಲಾ 20 ಮಿಲಿಗ್ರಾಂ, ಲ್ಯೂಸಿನ್ 60 ಮಿಲಿಗ್ರಾಂ. ಬಫರ್ ಇಲ್ಲದಿದ್ದರೆ ಕೋಶ ಹೆಚ್ಚಾಗುತ್ತಾ ಪಿಎಚ್ 3ರ ಹತ್ತಿರಕ್ಕೆ ಇಳಿಯುತ್ತದೆ. ಧನವಿದ್ಯುತ್ತಿನ ಅಣು ಒಳಹೋಗುವ ವೇಗವನ್ನು ಅದು ಕೆಡಿಸಬಹುದು. ಆದ್ದರಿಂದ 50 ಮಿಲಿಮೋಲಾರ್ ಎಂಇಎಸ್ ಬಫರ್ ಹಾಕಿ ಪಿಎಚ್ 6ಕ್ಕೆ ತರುವುದು ಒಳ್ಳೆಯದು.

ಸ್ಪರ್ಮಿಡಿನ್ ಕೊಳ್ಳುವಾಗ ಟ್ರೈಹೈಡ್ರೋಕ್ಲೋರೈಡ್ ಲವಣವನ್ನೇ ಕೊಳ್ಳಿ. ಲವಣವಲ್ಲದ ಶುದ್ಧ ರೂಪ ತೀರ ಕ್ಷಾರೀಯ, ಗಾಳಿ ತಾಗಿದರೆ ಕೆಡುತ್ತದೆ. ಲವಣದ ಅಣುತೂಕ 254.6. ಮಿಲಿಲೀಟರಿಗೆ 25.5 ಮಿಲಿಗ್ರಾಂ ಕರಗಿಸಿದರೆ 100 ಮಿಲಿಮೋಲಾರ್ ದಾಸ್ತಾನು ದ್ರಾವಣ. ಆಟೋಕ್ಲೇವ್ ಬೇಡ, 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಚಿಕ್ಕ ಪಾಲು ಮಾಡಿ ಮೈನಸ್ 20 ಡಿಗ್ರಿಯಲ್ಲಿಡಿ.

ಕೋಶಗಳನ್ನು 30 ಡಿಗ್ರಿಯಲ್ಲಿ, ನಿಮಿಷಕ್ಕೆ 200 ಸುತ್ತಿನಲ್ಲಿ, 600 ನ್ಯಾನೋಮೀಟರಿನ ಸಾಂದ್ರತೆ 0.5 ಬರುವವರೆಗೆ ಬೆಳೆಸಿ. 50 ಮಿಲಿಲೀಟರಿಗೆ 50 ಮೈಕ್ರೋಲೀಟರ್ ದಾಸ್ತಾನು ಹಾಕಿದರೆ 100 ಮೈಕ್ರೋಮೋಲಾರ್ ಆಗುತ್ತದೆ. 0, 15, 30, 60, 120 ನಿಮಿಷಕ್ಕೆ ಮಾದರಿ ತೆಗೆಯಿರಿ. ಪ್ರತಿ ಮಾದರಿಯಲ್ಲಿ ಅಳೆಯಬೇಕಾದದ್ದು ಮೂರು: ಕಿಣ್ವದ ಚಟುವಟಿಕೆ, ಕಿಣ್ವದ ಪ್ರೋಟೀನ್ ಪ್ರಮಾಣ, ಒಳಗಿನ ಪಾಲಿಅಮೈನ್. ಇವುಗಳಲ್ಲಿ ಒಂದನ್ನೇ ಅಳೆದು ಕತೆ ಕಟ್ಟಬಾರದು.

ಚಟುವಟಿಕೆಗೆ ಹಳೆಯ ವಿಧಾನವೇ ಗಟ್ಟಿ. 1ನೇ ಇಂಗಾಲದಲ್ಲಿ ಇಂಗಾಲ-14 ಇರುವ ಎಲ್-ಆರ್ನಿಥಿನ್, 50 ಮೈಕ್ರೋಮೋಲಾರ್ ಪಿರಿಡಾಕ್ಸಲ್ ಫಾಸ್ಫೇಟ್ ಮತ್ತು ಕೆಲವು ಮಿಲಿಮೋಲಾರ್ ಡೈಥಯೋಥ್ರೈಟಾಲ್ ಜೊತೆ ಕೋಶಸಾರವನ್ನು ಮುಚ್ಚಿದ ಕೊಳವೆಯಲ್ಲಿ 37 ಡಿಗ್ರಿಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಇಟ್ಟು, ಆಮ್ಲ ಚುಚ್ಚಿ ನಿಲ್ಲಿಸಿ, ಹೊರಬರುವ ಅನಿಲವನ್ನು ಕ್ಷಾರ ನೆನೆಸಿದ ಫಿಲ್ಟರ್ ಕಾಗದದಲ್ಲಿ ಹಿಡಿದು ಎಣಿಸುವುದು. ಪಿರಿಡಾಕ್ಸಲ್ ಫಾಸ್ಫೇಟ್ ಮರೆತರೆ ಕಿಣ್ವ ಇದ್ದೂ ಇಲ್ಲದಂತೆ ಕಾಣುತ್ತದೆ. ಖಾಲಿ ಅಳತೆಗೆ ಕುದಿಸಿದ ಸಾರಕ್ಕಿಂತ ಎಸ್‌ಪಿಇ1 ಅಳಿಸಿದ ತಳಿಯ ಸಾರ ಮೇಲು. ಆರ್ನಿಥಿನ್ ಬೇರೆ ದಾರಿಯಲ್ಲಿ ಹೋಗಿ ಕೊಡುವ ಅನಿಲವೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ, ಕುದಿಸಿದರೆ ಅದು ಮರೆಯಾಗುತ್ತದೆ.

ಪಾಲಿಅಮೈನ್ ಅಳೆಯಲು ಕೋಶಗಳನ್ನು 10 ಶೇಕಡಾ ಟ್ರೈಕ್ಲೋರೋಅಸಿಟಿಕ್ ಆಮ್ಲದಲ್ಲಿ ಕದಡಿ, ಮೇಲಿನ ತಿಳಿಯನ್ನು ಡ್ಯಾನ್ಸಿಲ್ ಕ್ಲೋರೈಡಿನಿಂದ ಹೊಳೆಯುವಂತೆ ಮಾಡಿ ಎಚ್‌ಪಿಎಲ್‌ಸಿಗೆ ಹಾಕಬೇಕು. ನಡುವಿನ ನಷ್ಟ ಲೆಕ್ಕಹಾಕಲು ಗೊತ್ತಿರುವ ಪ್ರಮಾಣದ 1,7-ಡೈಅಮೈನೋಹೆಪ್ಟೇನ್ ಅನ್ನು ಆಮ್ಲ ಹಾಕುವ ಹೊತ್ತಿಗೇ ಸೇರಿಸಿ. ಕೊನೆಯಲ್ಲಿ ಸೇರಿಸಿದರೆ ನಡುವೆ ಕಳೆದುಹೋದದ್ದು ತಿಳಿಯುವುದಿಲ್ಲ. ಗಾಜಿಗೆ ಸ್ಪರ್ಮಿನ್ ಅಂಟಿಕೊಳ್ಳುತ್ತದೆ, ಪಾಲಿಪ್ರೊಪಿಲೀನ್ ಕೊಳವೆ ಬಳಸಿ.

ಫಲಿತಾಂಶ ಓದುವ ಬಗೆ ಹೀಗೆ. ಕಾಡು ಮಾದರಿಯಲ್ಲಿ ಸ್ಪರ್ಮಿಡಿನ್ ಹಾಕಿದ ಮೇಲೆ ಚಟುವಟಿಕೆಯೂ ಪ್ರೋಟೀನೂ ಜೊತೆಯಾಗಿ ಇಳಿಯಬೇಕು. ಓಎಝಡ್1 ಅಳಿಸಿದ ತಳಿಯಲ್ಲಿ ಸ್ಪರ್ಮಿಡಿನ್ ಒಳಗೆ ಹೋಗಿದ್ದರೂ ಕಿಣ್ವ ನಿಂತಿರಬೇಕು. ಒಂದೇ ಚೌಕಟ್ಟಿನ ತಳಿಯಲ್ಲಿ ಸ್ಪರ್ಮಿಡಿನ್ ಹಾಕುವ ಮೊದಲೇ ಕಿಣ್ವ ಕೆಳಗಿರಬೇಕು. ಹಾಕಿದ ಮೇಲೆ ಅದು ಇನ್ನೂ ಇಳಿದರೆ, ಆ ಇಳಿತಕ್ಕೆ ಜಿಗಿತ ಕಾರಣವಲ್ಲ, ಆಂಟಿಜೈಮಿನ ಆಯಸ್ಸು ಹೆಚ್ಚಿದ್ದೂ ಒಂದು ಕಾರಣವಾಗಿರಬಹುದು. ಎರಡು ಹಂತಗಳನ್ನು ಬಿಡಿಸಿ ನೋಡಲು ಈ ತಳಿಗಿಂತ ಸುಲಭದ ದಾರಿ ಇಲ್ಲ.

ಎಡವುವ ಜಾಗಗಳು

ಸೈಕ್ಲೋಹೆಕ್ಸಿಮೈಡ್ ಎಲ್ಲಕ್ಕಿಂತ ದೊಡ್ಡ ಗುಂಡಿ. ಪ್ರೋಟೀನಿನ ಆಯಸ್ಸು ಅಳೆಯಲು ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಸೈಕ್ಲೋಹೆಕ್ಸಿಮೈಡ್ ಹಾಕಿ ಹೊಸ ತಯಾರಿಕೆ ನಿಲ್ಲಿಸುವುದು ಯೀಸ್ಟ್ ಲ್ಯಾಬುಗಳ ರೂಢಿ. ಇಲ್ಲಿ ಅದು ಕೊಲೆಗಾರನನ್ನೂ ಕೊಲ್ಲುತ್ತದೆ. ಆಂಟಿಜೈಮ್ ಅಲ್ಪಾಯು, ಅದರ ಹೊಸ ತಯಾರಿಕೆ ನಿಂತರೆ ಡೀಕಾರ್ಬಾಕ್ಸಿಲೇಸ್ ಇದ್ದದ್ದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಸ್ಪರ್ಮಿಡಿನ್ ಇರುವ ಫ್ಲಾಸ್ಕಿನಲ್ಲಿ ಆಂಟಿಜೈಮ್ ಹೆಚ್ಚು ಹೊತ್ತು ಉಳಿಯುವುದರಿಂದ ಈ ಮೋಸ ಕಡಿಮೆ, ಇಲ್ಲದ ಫ್ಲಾಸ್ಕಿನಲ್ಲಿ ಹೆಚ್ಚು. ಎರಡನ್ನೂ ಹೋಲಿಸಿದಾಗ ಬರುವ ವ್ಯತ್ಯಾಸ ಹಾಗಾಗಿ ಉಬ್ಬಿರಬಹುದು. ಗ್ಯಾಲಕ್ಟೋಸ್ ಪ್ರೊಮೋಟರಿನಿಂದ ಎಸ್‌ಪಿಇ1 ನಡೆಸಿ ಗ್ಲೂಕೋಸ್ ಹಾಕಿ ಅದೊಂದನ್ನೇ ನಿಲ್ಲಿಸಬಹುದು. ಆದರೆ ಆ ಪ್ರೊಮೋಟರು ಕಿಣ್ವವನ್ನು ವಿಪರೀತ ಮಾಡಿಬಿಡುತ್ತದೆ. ಇರುವಷ್ಟು ಆಂಟಿಜೈಮೂ ಅದನ್ನು ಹಿಡಿಯುವುದರಲ್ಲೇ ಮುಗಿದು, ತಡೆಯೇ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ. ಕಿಣ್ವದ ಪ್ರಮಾಣ ಸಹಜ ಮಟ್ಟಕ್ಕೆ ಹತ್ತಿರವಿದೆ ಎಂದು ಮೊದಲು ಖಚಿತಮಾಡಿಕೊಳ್ಳಿ.

ಪ್ರೋಟೀನನ್ನು ಗುರುತಿಸಲು ಅಂಟಿಸುವ ಟ್ಯಾಗ್ ಯಾವ ತುದಿಗೆ ಎಂಬುದು ಇನ್ನೊಂದು. ಇಲಿಯ ಕಿಣ್ವದ ಅನುಭವದಿಂದ ಬಂದವರು ಬಾಲವನ್ನು ಕಾಪಾಡಲು ಟ್ಯಾಗನ್ನು ತಲೆಗೆ ಹಾಕುತ್ತಾರೆ. ಯೀಸ್ಟಿನಲ್ಲಿ ನಾಶದ ಗುರುತೇ ತಲೆಯಲ್ಲಿರುವುದರಿಂದ ಕೆಲಸ ಕೆಡುತ್ತದೆ. ಕಿಣ್ವಕ್ಕೆ ಟ್ಯಾಗ್ ಸಿ-ತುದಿಗೆ ಹಾಕಬೇಕು. ಆಂಟಿಜೈಮಿಗೂ ಸಿ-ತುದಿಯ ಟ್ಯಾಗ್ ಹಾಕಿದರೆ ಜಿಗಿದು ಪೂರ್ತಿಯಾದದ್ದು ಮಾತ್ರ ಬ್ಲಾಟಿನಲ್ಲಿ ಕಾಣುತ್ತದೆ.

ಜಿಗಿತ ಅಳೆಯಲು ಲೂಸಿಫರೇಸ್ (ಬೆಳಕು ಕೊಡುವ ಕಿಣ್ವ) ಜೋಡಿಯನ್ನು ವರದಿಗಾರನಾಗಿ ಬಳಸುವವರು ಜಿಗಿತದ ಜಾಗದ ಸುತ್ತಲ ಚಿಕ್ಕ ತುಂಡನ್ನಷ್ಟೇ ಎರಡು ಲೂಸಿಫರೇಸುಗಳ ನಡುವೆ ಇಡುವುದುಂಟು. ಜಿಗಿತದ ಮೂಲ ದರ ಅಳೆಯಲು ಅದು ಸಾಕು. ಆದರೆ ಪಾಲಿಅಮೈನ್ ಅಳೆಯುವುದು ಮುಂದೆ ಹುಟ್ಟುವ ಆಂಟಿಜೈಮ್ ಎಳೆ. ಆ ಭಾಗ ಕತ್ತರಿಸಿದ ಮೇಲೆ ಸ್ಪರ್ಮಿಡಿನ್‌ಗೆ ಸರಿಯಾದ ಪ್ರತಿಕ್ರಿಯೆ ಬರಲಿಲ್ಲ ಎಂದು ಗೊಣಗಿ ಫಲವಿಲ್ಲ.

ಪ್ರೋಟಿಯಾಸೋಮ್ ತಡೆಯಲು ಎಂಜಿ132 ಹಾಕಿದರೂ ಕಿಣ್ವ ಇಳಿಯುತ್ತಲೇ ಇದ್ದರೆ ಗಾಬರಿಯಾಗಬೇಡಿ. ಸಾಧಾರಣ ಯೀಸ್ಟ್ ತಳಿ ಆ ಔಷಧವನ್ನು ಒಳಗೆ ಉಳಿಸಿಕೊಳ್ಳುವುದಿಲ್ಲ. ಹೊರಹಾಕುವ ಪಂಪಿನ ಜೀನಾದ ಪಿಡಿಆರ್5 ಅಳಿಸಿದ ತಳಿ ಬೇಕು, ಇಲ್ಲವೇ ಪ್ರೋಟಿಯಾಸೋಮಿನ ಮ್ಯುಟೆಂಟ್ ಬಳಸಬೇಕು.

ಒಳಗಿನ ಸ್ಪರ್ಮಿಡಿನ್ ಏರಿದೆ ಎಂದು ತೋರುವ ಸಂಖ್ಯೆಯಲ್ಲಿ ಕೋಶಗೋಡೆಗೆ ಹೊರಗಿನಿಂದ ಅಂಟಿಕೊಂಡದ್ದೂ ಸೇರಿರುತ್ತದೆ. ಮಂಜುಗಡ್ಡೆಯ ಮೇಲಿಟ್ಟ ಕೋಶಗಳಿಗೆ ಸ್ಪರ್ಮಿಡಿನ್ ಹಾಕಿ ತಕ್ಷಣ ತೊಳೆದ ಒಂದು ಮಾದರಿಯನ್ನು ಜೊತೆಗಿಟ್ಟರೆ ಹೊರಗಿನ ಪಾಲು ಎಷ್ಟೆಂದು ಗೊತ್ತಾಗುತ್ತದೆ.

ಪ್ರಿಯಾನ್ ತರುವ ಗೊಂದಲ

ಎರಡು ಲ್ಯಾಬುಗಳ ಕಾಡು ಮಾದರಿಗಳು ಒಂದೇ ಪ್ರಯೋಗದಲ್ಲಿ ಬೇರೆ ಬೇರೆ ಪಾಲಿಅಮೈನ್ ಮಟ್ಟ ತೋರಿಸಿದರೆ ಡಿಎನ್‌ಎ ಓದಿಸುವ ಮುನ್ನ ಪಿಎಸ್‌ಐ ಪ್ರಿಯಾನ್ ಇದೆಯೇ ನೋಡಿ. ಅನುವಾದ ಮುಗಿಸುವ ಎಸ್‌ಯುಪಿ35 ಪ್ರೋಟೀನು ಗಂಟುಕಟ್ಟಿ ಕೂತಾಗ ಬರುವ ಸ್ಥಿತಿ ಇದು, ತಾಯಿಕೋಶದಿಂದ ಮಗಳಿಗೆ ಕೋಶರಸದ ಮೂಲಕ ಹೋಗುತ್ತದೆ. ಗಂಟಾದ ಮೇಲೆ ಯುಜಿಎಯಲ್ಲಿ ನಿಲ್ಲಿಸುವವರು ಕಡಿಮೆ, ರೈಬೋಸೋಮ್ ಅಲ್ಲಿ ಹೆಚ್ಚು ಹೊತ್ತು ಕಾಯುತ್ತದೆ, ಜಿಗಿಯುವ ಸಂದರ್ಭ ಹೆಚ್ಚುತ್ತದೆ. ಆಂಟಿಜೈಮ್ ಹೆಚ್ಚಾಗಿ ಪಾಲಿಅಮೈನ್ ಇಳಿಯುತ್ತದೆ. ಫ್ರಾನ್ಸಿನಲ್ಲಿ ಒಲಿವಿಯೆ ನಾಮಿ ಮತ್ತು ಸಂಗಡಿಗರು 2008ರಲ್ಲಿ ಇದನ್ನು ತೋರಿಸಿದರು. ಪ್ರಿಯಾನ್‌ಗೆ ಅಂಟಿಸಿದ್ದ ಹಲವು ಲಕ್ಷಣಗಳಿಗೆ ಈ ಒಂದು ಜಿಗಿತವೇ ಕಾರಣ ಎಂದೂ ಅದರಿಂದ ತಿಳಿಯಿತು. 3ರಿಂದ 5 ಮಿಲಿಮೋಲಾರ್ ಗ್ವಾನಿಡಿನ್ ಹೈಡ್ರೋಕ್ಲೋರೈಡ್ ಇರುವ ಮಾಧ್ಯಮದಲ್ಲಿ ಕೆಲವು ಸಲ ಹಾಯಿಸಿದರೆ ಪ್ರಿಯಾನ್ ಬಿಟ್ಟುಹೋಗುತ್ತದೆ. ಹಾಯಿಸಿದ ಮೇಲೆ ವ್ಯತ್ಯಾಸ ಮಾಯವಾದರೆ ಕಾರಣ ಸಿಕ್ಕಂತೆ.

ಅಂದಹಾಗೆ, ಸ್ಪರ್ಮಿಡಿನ್ ಎಲ್ಲ ಜಿಗಿತವನ್ನೂ ಹೆಚ್ಚಿಸುತ್ತದೆ ಎಂದುಕೊಳ್ಳಬೇಡಿ. ಟಿವೈ1 ಎಂಬ ಜಿಗಿಯುವ ಡಿಎನ್‌ಎಯಲ್ಲೂ ಒಂದಕ್ಷರದ ಮುಂಜಿಗಿತ ಇದೆ. ಅಲ್ಲಿ ಸ್ಪರ್ಮಿಡಿನ್ ಕೊರತೆಯಾದಾಗಲೇ ಜಿಗಿತ ಹೆಚ್ಚುತ್ತದೆ ಎಂದು 1994ರಲ್ಲಿ ಬಾಲಸುಂದರಂ ಮತ್ತು ಟೇಬರ್ ಗುಂಪು ವರದಿ ಮಾಡಿತು.

ಖಾಲಿ ಎಂದುಕೊಂಡ ಕೋಶ ಖಾಲಿಯಲ್ಲ

ಅಳಿಸಿದ ತಳಿಗಳನ್ನು ಹೋಲಿಕೆಗೆ ಇಟ್ಟುಕೊಂಡವರಿಗೆ ಬರುವ ದೂರು ಒಂದೇ: ಎಸ್‌ಪಿಇ2 ಇಲ್ಲ, ಸ್ಪರ್ಮಿಡಿನ್ ಕೊಟ್ಟಿಲ್ಲ, ಆದರೂ ಬೆಳೆಯುತ್ತಿದೆ. ಇಂಥ ತಳಿಗೆ ದ್ರವದಲ್ಲಿ 10 ನ್ಯಾನೋಮೋಲಾರ್ ಸ್ಪರ್ಮಿಡಿನ್ ಇದ್ದರೆ ಸಾಕು, ಒಳಗಿನ ಪ್ರಮಾಣ ಕಾಡು ಮಾದರಿಯ 0.2 ಶೇಕಡಾಕ್ಕಿಂತ ಕಡಿಮೆಯಿದ್ದರೂ ಬೆಳವಣಿಗೆ ಬಹುಪಾಲು ಸಹಜವಾಗಿರುತ್ತದೆ ಎಂದು ಟೇಬರ್ ಗುಂಪು 2008ರಲ್ಲಿ ತೋರಿಸಿದೆ. ಆ ಕೊರತೆಯಲ್ಲಿ ಇರುವ ಚೂರುಪಾರಿನಲ್ಲಿ 54 ಶೇಕಡಾದವರೆಗೆ ಅನುವಾದಕ್ಕೆ ನೆರವಾಗುವ ಇಐಎಫ್5ಎ ಪ್ರೋಟೀನಿನ ಒಂದು ಲೈಸಿನನ್ನು ಹೈಪುಸಿನ್ ಎಂಬ ಬದಲಾದ ಅಮೈನೋ ಆಮ್ಲವಾಗಿ ಮಾಡಲು ಹೋಗುತ್ತದೆ. ಕೋಶಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದ ಖರ್ಚು ಅದೇ.

ಈಗ ಲೆಕ್ಕ ಮಾಡಿ. 10 ಮೈಕ್ರೋಮೋಲಾರ್ ಸ್ಪರ್ಮಿಡಿನ್‌ನಲ್ಲಿ ಬೆಳೆಸಿದ ತಳಿಯನ್ನು ತೊಳೆಯದೆ ಸಾವಿರಕ್ಕೆ ಒಂದರಂತೆ ಹೊಸ ದ್ರವಕ್ಕೆ ಹಾಕಿದರೆ ಉಳಿಯುವುದು ಸರಿಯಾಗಿ 10 ನ್ಯಾನೋಮೋಲಾರ್. ತೊಳೆದೇ ಹಾಕಿದರೂ ಒಳಗಿನ ದಾಸ್ತಾನು 500ರಲ್ಲಿ ಒಂದು ಪಾಲಿಗೆ ಇಳಿಯಲು ಒಂಬತ್ತು ಸಲ ಇಮ್ಮಡಿಯಾಗಬೇಕು. ಯೀಸ್ಟ್ ಎಕ್ಸ್‌ಟ್ರಾಕ್ಟ್ ಇರುವ ವೈಪಿಡಿ ಎಂಬ ಸಮೃದ್ಧ ಮಾಧ್ಯಮದಲ್ಲಿ ಪಾಲಿಅಮೈನ್ ಧಾರಾಳ, ಅದರಿಂದ ನೇರವಾಗಿ ಪ್ರಯೋಗಕ್ಕೆ ತಂದ ಕೋಶ ಹೊಟ್ಟೆ ತುಂಬಿಕೊಂಡೇ ಬಂದಿರುತ್ತದೆ. ಎರಡು ಸಲ ತೊಳೆದು, ಸ್ಪರ್ಮಿಡಿನ್ ಇಲ್ಲದ ದ್ರವದಲ್ಲಿ ಎರಡು ಹಂತದ ಬದಲಾವಣೆಯಲ್ಲಿ 12ರಿಂದ 15 ತಲೆಮಾರು ದಾಟಿಸಿ. ಎಸ್‌ಪಿಇ2 ಇಲ್ಲದ ಬರಿಗೈ ಕೋಶಕ್ಕೆ ಆಮ್ಲಜನಕವೂ ವಿಷ, ಆದ್ದರಿಂದ ಕೊನೆಯ ಹಂತದಲ್ಲಿ ಫ್ಲಾಸ್ಕನ್ನು ಎಷ್ಟು ಜೋರಾಗಿ ಅಲ್ಲಾಡಿಸಿದಿರಿ ಎಂಬುದನ್ನೂ ಬರೆದಿಡಿ.

ಮೊದಲು ನೆನಪಿಡಲು ಹೇಳಿದ ಪ್ಯಾಂಟೋಥೆನಿಕ್ ಆಮ್ಲ ಇಲ್ಲಿ ಬರುತ್ತದೆ. ಸ್ಪರ್ಮಿನ್ ಇಲ್ಲದ ತಳಿಗೆ ಬೀಟಾ-ಅಲನಿನ್ ಸಿಗದು. ಯೀಸ್ಟ್ ನೈಟ್ರೋಜನ್ ಬೇಸಿನಲ್ಲಿ ಲೀಟರಿಗೆ 400 ಮೈಕ್ರೋಗ್ರಾಂ ಕ್ಯಾಲ್ಸಿಯಂ ಪ್ಯಾಂಟೋಥೆನೇಟ್ ಇರುವುದರಿಂದ ಆ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಯಾರಾದರೂ ವಿಟಮಿನ್ ಕಡಿಮೆ ಮಾಡಿದ ದ್ರವ ಬಳಸಿದರೆ ಎಸ್‌ಪಿಇ4 ಅಳಿಸಿದ ತಳಿ ನಿಂತುಬಿಡುತ್ತದೆ. ಸ್ಪರ್ಮಿನ್ ಬೆಳವಣಿಗೆಗೆ ಅನಿವಾರ್ಯ ಎಂದು ಅದರಿಂದ ತೀರ್ಮಾನಿಸುವ ಮುನ್ನ ಅದೇ ಫ್ಲಾಸ್ಕಿಗೆ ಒಂದು ಚಿಟಿಕೆ ಪ್ಯಾಂಟೋಥೆನೇಟ್ ಹಾಕಿ ನೋಡಿ.